ಬಾಯಿ ಕ್ಯಾನ್ಸರ್: ಕುತ್ತಿಗೆಯ ಕಾವಲು ಗ್ರಂಥಿಯನ್ನು ಕಂಡುಹಿಡಿಯುವ ಬಗೆ

ನಾಲಿಗೆ, ಕೆನ್ನೆಯ ಒಳಭಾಗ, ಬಾಯಿಯ ತಳದಲ್ಲಿ ಹುಟ್ಟಿದ ಕ್ಯಾನ್ಸರ್ ಹರಡಿದರೆ ಮೊದಲು ಸೇರುವುದು ಕುತ್ತಿಗೆಯ ದುಗ್ಧಗ್ರಂಥಿಗಳನ್ನು. ಗೆಡ್ಡೆ ಚಿಕ್ಕದಿದ್ದು ಕುತ್ತಿಗೆಯಲ್ಲಿ ಕೈಗೆ ಗಂಟು ಸಿಗದವರಲ್ಲೂ ನೂರಕ್ಕೆ 20ರಿಂದ 30 ಮಂದಿಗೆ ರೋಗ ಅಲ್ಲಿ ಅಡಗಿರುತ್ತದೆ. ಅಷ್ಟು ಸಣ್ಣ ಕಣಗಳು ಸಿ.ಟಿ., ಎಂ.ಆರ್.ಐ. ಕಣ್ಣಿಗೂ ಬೀಳವು. ಹಾಗೆಂದು ಕಾದು ನೋಡುವುದು ಅಪಾಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಕುತ್ತಿಗೆಯ ಗ್ರಂಥಿ ತೆಗೆಸಿಕೊಂಡವರ ಪೈಕಿ ಮೂರು ವರ್ಷದ ನಂತರ ಬದುಕಿದ್ದವರು ಶೇ 80. ರೋಗ ಕಾಣಿಸಿದ ಮೇಲೆ ತೆಗೆಸಿಕೊಂಡವರಲ್ಲಿ ಶೇ 67.5.

ಎಲ್ಲರ ಕುತ್ತಿಗೆಯನ್ನೂ ಕೊಯ್ದರೆ, ರೋಗವಿಲ್ಲದ ಬಹುಮಂದಿ ಸುಮ್ಮನೆ ನೋವು ತಿನ್ನಬೇಕು. ಹೆಗಲೆತ್ತುವ ನರಕ್ಕೆ ಪೆಟ್ಟಾದರೆ ತೋಳು ಮೇಲೇಳದು. ಹೈದರಾಬಾದಿನ ಸನತ್‌ನಗರದಂಥ ಕೈಗಾರಿಕಾ ಪ್ರದೇಶದಲ್ಲಿ ಭಾರ ಹೊರುವ ಕಾರ್ಮಿಕನಿಗೆ ಅದು ಕೂಲಿಯ ಪ್ರಶ್ನೆ.

ಈ ಇಕ್ಕಟ್ಟಿಗೆ ನಡುದಾರಿ ಕಾವಲು ಗ್ರಂಥಿಯ ಪರೀಕ್ಷೆ. ಗೆಡ್ಡೆಯ ದ್ರವ ಮೊದಲು ಹರಿಯುವ ಒಂದೆರಡು ಗ್ರಂಥಿಗಳೇ ಕಾವಲು ಗ್ರಂಥಿಗಳು. ಅವು ಶುದ್ಧವಾಗಿದ್ದರೆ ಮಿಕ್ಕವೂ ಬಹುಪಾಲು ಶುದ್ಧ. ಅವನ್ನು ಗುರುತಿಸಲು ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆತ ಸೂಕ್ಷ್ಮ ಕಣಗಳ ಚುಚ್ಚುಮದ್ದನ್ನು ಗೆಡ್ಡೆಯ ಸುತ್ತ ಕೊಡುತ್ತಾರೆ. ಇದರ ಅರ್ಧಾಯುಷ್ಯ ಆರೇ ಗಂಟೆ. ಗ್ಯಾಮಾ ಕ್ಯಾಮೆರಾ ಹರಿವಿನ ಜಾಡು ತೋರಿಸುತ್ತದೆ, ಸ್ಪೆಕ್ಟ್-ಸಿ.ಟಿ. ಸ್ಕ್ಯಾನ್ ಗ್ರಂಥಿ ಯಾವ ಸ್ನಾಯುವಿನ ಪಕ್ಕ, ಎಷ್ಟು ಆಳದಲ್ಲಿದೆ ಎಂದು ತಿಳಿಸುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಪೆನ್ನಿನಂಥ ಗ್ಯಾಮಾ ಪ್ರೋಬ್ ಗ್ರಂಥಿಯ ಮೇಲೆ ಬಂದೊಡನೆ ಸದ್ದು ಹೆಚ್ಚುತ್ತದೆ.

ತೊಡಕಿರುವುದು ಬಾಯಿಯ ತಳದ ಗೆಡ್ಡೆಗಳಲ್ಲಿ. ಎದುರಿನ ಲಾರಿಯ ಹೆಡ್‌ಲೈಟಿಗೆ ಪಕ್ಕದ ಸೈಕಲ್ ಕಾಣದಂತೆ, ಚುಚ್ಚಿದ ಜಾಗದ ವಿಕಿರಣದಲ್ಲಿ ಹತ್ತಿರದ ಗ್ರಂಥಿ ಮರೆಯಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಇಂಡೋಸಯನಿನ್ ಗ್ರೀನ್ ಬಣ್ಣ. ಅವಕೆಂಪು ಕ್ಯಾಮೆರಾದಡಿ ಗ್ರಂಥಿ ಹೊಳೆಯುತ್ತದೆ. ಆದರೆ ಸುಮಾರು ಒಂದು ಸೆಂಟಿಮೀಟರಿಗಿಂತ ಆಳದಲ್ಲಿದ್ದರೆ ಆ ಹೊಳಪು ಕಾಣದು, ಬಣ್ಣ ಬೇಗ ಮುಂದಿನ ಗ್ರಂಥಿಗಳಿಗೂ ಸರಿದುಬಿಡುತ್ತದೆ. ಆದ್ದರಿಂದ ಒಂದನ್ನೇ ನೆಚ್ಚುವ ಬದಲು ಎರಡನ್ನೂ ಜೊತೆಗೂಡಿಸುವುದೇ ಜಾಣತನ. ಗ್ರಂಥಿಗೇ ಅಂಟಿಕೊಳ್ಳುವ ಮತ್ತೊಂದು ಗುರುತುಮದ್ದು ಟಿಲ್ಮನೊಸೆಪ್ಟ್‌ಗೆ ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಬಳಸಲು ಅಮೆರಿಕ 2014ರಲ್ಲಿ ಒಪ್ಪಿಗೆ ಕೊಟ್ಟಿತು.

ತೆಗೆದ ಗ್ರಂಥಿಯನ್ನು ತೆಳುವಾದ ಪದರಗಳಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗವಿದ್ದರೆ ಮಾತ್ರ ಕುತ್ತಿಗೆಯ ದೊಡ್ಡ ಶಸ್ತ್ರಚಿಕಿತ್ಸೆ. ಫ್ರಾನ್ಸ್ (2020), ಜಪಾನ್ (2021) ಅಧ್ಯಯನಗಳಲ್ಲಿ ಈ ದಾರಿ ಹಿಡಿದವರ ಫಲಿತಾಂಶ ಎಲ್ಲ ಗ್ರಂಥಿ ತೆಗೆಸಿದವರಿಗಿಂತ ಕೆಳಗಿರಲಿಲ್ಲ. ಹೆಗಲಿನ ತೊಂದರೆಯೂ ಕಡಿಮೆ. ಆದರೆ ಈ ಅನುಕೂಲ ಆರಂಭದಲ್ಲೇ ಬಂದವರಿಗೆ ಮಾತ್ರ. ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ವೈದ್ಯರಿಗೆ ತೋರಿಸಬೇಕು.