ಹಿರಿಯ ಉಪಾಧ್ಯಾಯರೂ ಹೊಸಬನ ಪಾಠಕ್ರಮವೂ

ಕಾಳಿದಾಸನ ಮಾಲವಿಕಾಗ್ನಿಮಿತ್ರದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಮೇಲಾದವರು ಯಾರೆಂಬ ವಿವಾದವು ಹುಟ್ಟುತ್ತದೆ. ತೀರ್ಪು ಹೇಳಬೇಕಾದ ಪರಿವ್ರಾಜಿಕೆಯು ಆಚಾರ್ಯರ ಕುಣಿತವನ್ನು ಪರೀಕ್ಷಿಸುವುದಿಲ್ಲ. ಅವರವರ ಶಿಷ್ಯೆಯ ಪ್ರಯೋಗವನ್ನು ನೋಡಬೇಕೆನ್ನುತ್ತಾಳೆ. ವಿದ್ಯೆಯನ್ನು ತಾನು ಬಲ್ಲವನಾಗಿರುವುದು ಒಂದು ಗುಣ, ಅದನ್ನು ಮತ್ತೊಬ್ಬರಲ್ಲಿ ನೆಲೆಗೊಳಿಸುವುದು ಬೇರೊಂದು ಗುಣ, ಇವೆರಡೂ ಕೂಡಿದವನೇ ಶಿಕ್ಷಕರಲ್ಲಿ ಶ್ರೇಷ್ಠನೆಂಬುದು ಅವಳ ಮತ. ಮೊದಲನೆಯ ಗುಣವು ಶಾಸ್ತ್ರಾಭ್ಯಾಸದಿಂದ ಬರುವುದಷ್ಟೆ. ಎರಡನೆಯದು ಎಲ್ಲಿಂದ ಬರತಕ್ಕದ್ದು? ಪಾಠ ಹೇಳಿ ಪಳಗಿದ ಹಿರಿಯರೊಬ್ಬರ ಕಣ್ಣೆದುರಿನಲ್ಲಿ ಪಾಠ ಹೇಳುವುದರಿಂದ ಬರುತ್ತದೆಂಬುದೇ ಈ ಲೇಖನದ ಪ್ರತಿಪಾದ್ಯವಿಷಯ.

ಸಂಸ್ಕೃತ ಪಾಠಶಾಲೆಗಳಲ್ಲಿ ಪದ್ಯಕ್ಕೆ ಅರ್ಥ ಹೇಳಲು ಎರಡು ಕ್ರಮಗಳುಂಟು. ದಂಡಾನ್ವಯದಲ್ಲಿ ಉಪಾಧ್ಯಾಯನು ಕರ್ತೃ, ಕರ್ಮ, ಕ್ರಿಯೆಗಳನ್ನು ವಿಶೇಷಣಸಹಿತವಾಗಿ ಗದ್ಯದ ಕ್ರಮದಲ್ಲಿ ತಾನೇ ಜೋಡಿಸಿ ಕೊಡುತ್ತಾನೆ. ಖಂಡಾನ್ವಯದಲ್ಲಾದರೋ ಮೊದಲು ಕ್ರಿಯಾಪದವನ್ನು ಹಿಡಿದು, ‘ಯಾರು?’ ‘ಯಾವುದನ್ನು?’ ‘ಎಂತಹ?’ ‘ಯಾವುದರಿಂದ?’ ಎಂದು ಆಕಾಂಕ್ಷೆಯನ್ನು ಎಬ್ಬಿಸಿ, ಉಳಿದ ಪದಗಳನ್ನು ವಿದ್ಯಾರ್ಥಿಯಿಂದಲೇ ಒಂದೊಂದಾಗಿ ತೆಗೆಯಿಸುತ್ತಾನೆ. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದು ಮನಸ್ಸಿನಲ್ಲಿ ನಿಲ್ಲುತ್ತದೆ.

ಈ ಭೇದವನ್ನು ಪಾಠಶಾಲೆಯಲ್ಲಿ ಕಲಿತಿದ್ದರೂ ಅದರ ಪ್ರಯೋಜನವು ಈ ಲೇಖಕನಿಗೆ ತಿಳಿದದ್ದು ಸುಮಾರು ಮೂವತ್ತು ವರ್ಷಗಳ ಹಿಂದೆ, ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡದ ಉಪಾಧ್ಯಾಯನಾಗಿ ನಿಂತ ಮೊದಲ ವರ್ಷದಲ್ಲಿ. ಹಳಗನ್ನಡದ ಕಂದಪದ್ಯವೊಂದಕ್ಕೆ ಸಂಧಿ, ಸಮಾಸ, ಅಲಂಕಾರಗಳನ್ನೆಲ್ಲ ಬಿಡಿಸಿ, ದಂಡಾನ್ವಯದಿಂದ ನಿರರ್ಗಳವಾಗಿ ಅರ್ಥ ಹೇಳಿ ಮುಗಿಸಿದೆನು. ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದ ಹಿರಿಯ ಪಂಡಿತರು ಆಗ ಏನನ್ನೂ ಹೇಳಲಿಲ್ಲ. ಗಂಟೆ ಹೊಡೆದ ಮೇಲೆ ಹೊರಗಿನ ಜಗಲಿಯಲ್ಲಿ, “ಶಾಸ್ತ್ರಿಗಳೇ, ಪಾಠವು ಚೆನ್ನಾಗಿತ್ತು. ಮೂರನೆಯ ಸಾಲಿನ ಆ ಹುಡುಗನಿಗೆ ಇಂದು ಕವಿಯು ಕಂಡನೇ, ನೀವು ಕಂಡಿರೇ?” ಎಂದು ಕೇಳಿದರು.

ಉತ್ತರವು ತೋರಲಿಲ್ಲ, ಆ ಹುಡುಗನನ್ನು ನಾನು ನೋಡಿಯೇ ಇರಲಿಲ್ಲ. ಮರುದಿನ ಅದೇ ಪದ್ಯವನ್ನು ಕ್ರಿಯಾಪದದಿಂದ ಆರಂಭಿಸಿ, ಪ್ರಶ್ನೆಗಳ ಮೂಲಕ ಬಿಡಿಸಿದೆನು. ಅರ್ಧ ಪದ್ಯ ಮಾತ್ರ ಸಾಗಿತು. ಆದರೆ ‘ಎಂತಹ?’ ಎಂಬ ಪ್ರಶ್ನೆಗೆ ಸರಿಯಾದ ವಿಶೇಷಣವನ್ನು ಹುಡುಕಿ ಹೇಳಿದವನು ಆ ಮೂರನೆಯ ಸಾಲಿನ ಹುಡುಗನೇ. ಹಿರಿಯರು ನನಗೆ ಹೊಸ ವಿಧಾನವನ್ನೇನೂ ಬೋಧಿಸಿರಲಿಲ್ಲ. ನನ್ನ ಪಾಂಡಿತ್ಯದ ಮೇಲಿದ್ದ ದೃಷ್ಟಿಯನ್ನು ವಿದ್ಯಾರ್ಥಿಯ ಮುಖದ ಕಡೆಗೆ ತಿರುಗಿಸಿದ್ದರು. ವಿಧಾನವು ಆಗ ತಾನಾಗಿಯೇ ಒದಗಿತು.

ಇಲ್ಲಿ ಒಂದು ಆಕ್ಷೇಪವುಂಟು. ಹಿರಿಯನ ನೆರಳಿನಲ್ಲಿ ಬೆಳೆದವನು ಅವನ ಅನುಕರಣಮಾತ್ರನಾಗನೇ ಎಂಬುದು. ಅನುಕರಣವು ಮೊದಲ ಮೆಟ್ಟಿಲೆಂಬುದು ನಿಜ. ಆ ಪಂಡಿತರು ವಾಕ್ಯದ ನಡುವೆ ತಡೆದು ನಿಲ್ಲುತ್ತಿದ್ದರು. ಅದನ್ನು ಪ್ರೌಢಿಮೆಯೆಂದು ಬಗೆದು ನಾನೂ ಹಾಗೆಯೇ ನಿಲ್ಲತೊಡಗಿದೆನು. ಅವರು ನಕ್ಕು, “ಅದು ನನ್ನ ಉಬ್ಬಸದ ದೆಸೆಯಿಂದ ಬಂದದ್ದು, ನಿಮಗೇಕೆ?” ಎಂದರು. ತನ್ನ ರೀತಿಯನ್ನು ಬಿಡಿಸಿ ನೀತಿಯನ್ನು ಮಾತ್ರ ಉಳಿಸುವವನೇ ಒಳ್ಳೆಯ ಮಾರ್ಗದರ್ಶಕನು.

ಈ ಸಮಾಧಾನಕ್ಕೆ ನಮ್ಮ ನಗರದ ಮಹಾರಾಜಾ ಕಾಲೇಜಿನಲ್ಲಿಯೇ ಪ್ರಸಿದ್ಧವಾದ ದೃಷ್ಟಾಂತವಿದೆ. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದದ್ದು 1916ರಲ್ಲಿ. ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಕನ್ನಡದ ಮೊದಲ ಪ್ರಾಧ್ಯಾಪಕರೆಂದು ಖ್ಯಾತರಾದ ತಳುಕಿನ ವೆಂಕಣ್ಣಯ್ಯನವರ ಶಿಷ್ಯರಾಗಿದ್ದ ಕುವೆಂಪು ಅವರು 1929ರಲ್ಲಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. 1936ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗುವವರೆಗೆ ಗುರುವಿನ ಬಳಿಯಲ್ಲಿಯೇ ಅವರ ಅಧ್ಯಾಪನವು ನಡೆಯಿತು. ವೆಂಕಣ್ಣಯ್ಯನವರು ಬಹುಭಾಷಾವಿದರು, ಸಂಪಾದಕರು, ಅನುವಾದಕರು, ಶಿಷ್ಯರಾದರೋ ಮಹಾಕವಿಗಳಾದರು. ಅವರ ಶಿಷ್ಯವರ್ಗದಲ್ಲಿಯೇ ಸೇರಿದ ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯಲ್ಲಿಯೂ ವ್ಯಾಕರಣದಲ್ಲಿಯೂ ಪ್ರಮಾಣಪುರುಷರೆನಿಸಿದರು. ಒಂದೇ ಗುರುವಿನಿಂದ ಇಂತಹ ಭಿನ್ನಮಾರ್ಗಿಗಳಿಬ್ಬರು ಬಂದಿರಲು, ಗುರುಪ್ರಭಾವವೆಂದರೆ ಅಚ್ಚೊತ್ತುವುದೆಂದು ಹೇಳಲಾಗದು. ವೆಂಕಣ್ಣಯ್ಯನವರು 1939ರಲ್ಲಿ ದಿವಂಗತರಾದರು. ಹತ್ತು ವರ್ಷಗಳ ಮೇಲೆ ಪ್ರಕಟವಾಗತೊಡಗಿದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವು ಅವರಿಗೇ ಅರ್ಪಿತವಾಯಿತು. ಮುಂದೆ ಕುವೆಂಪು ಅವರ ಮಾರ್ಗದರ್ಶನದಲ್ಲಿ ಜಿ. ಎಸ್. ಶಿವರುದ್ರಪ್ಪನವರು ‘ಸೌಂದರ್ಯ ಸಮೀಕ್ಷೆ’ಯನ್ನು ರಚಿಸಿದರು. ಪರಂಪರೆಯು ನಡೆಯುವ ಬಗೆ ಇದು.

ಅಂದು ಸಹಜವಾಗಿ ಒದಗುತ್ತಿದ್ದುದಕ್ಕೆ ಇಂದು ಏರ್ಪಾಡುಗಳಾಗಿವೆ. ಮೈಸೂರಿನಲ್ಲಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು, ಅಂದರೆ ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು, ತನ್ನದೇ ಆದ ಪ್ರಾತ್ಯಕ್ಷಿಕ ಶಾಲೆಯನ್ನು ಜೊತೆಗಿಟ್ಟುಕೊಂಡಿದೆ. 2014ರ ನಿಯಮಗಳು ಎರಡು ವರ್ಷದ ಬಿ.ಎಡ್. ವ್ಯಾಸಂಗದಲ್ಲಿ 20 ವಾರಗಳ ಶಾಲಾನುಭವವನ್ನು ವಿಧಿಸಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವಿಗಳಿಂದ ಉಪಾಧ್ಯಾಯರಿಗೆ ಮಾರ್ಗದರ್ಶನವು ದೊರೆಯಬೇಕೆಂದಿತು. ಇವೆಲ್ಲವೂ ಸ್ವಾಗತಾರ್ಹವೇ. ಆದರೆ ಪಾಠಯೋಜನೆಯ ಪುಸ್ತಕಕ್ಕೆ ರುಜು ಹಾಕುವುದರಲ್ಲಿಯೇ ಹಿರಿಯನ ಹೊಣೆ ಮುಗಿಯಿತೆಂದು ತಿಳಿದರೆ ವಾರಗಳ ಸಂಖ್ಯೆ ಎಷ್ಟಾದರೇನು? ಹೊಸ ಉಪಾಧ್ಯಾಯನು ಗದರಿಕೆಯನ್ನೂ ಹೊಗಳಿಕೆಯನ್ನೂ ಬೇಗ ಮರೆಯುತ್ತಾನೆ. ಉತ್ತರ ತೋರದೆ ಉಳಿದ ಪ್ರಶ್ನೆಯನ್ನು ಮರೆಯಲಾರನು.

ಆದುದರಿಂದ ಹಿರಿಯ ಉಪಾಧ್ಯಾಯಮಹಾಶಯರಲ್ಲಿ ಬಿನ್ನಹವಿಷ್ಟೆ. ಹೊಸಬನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಮೌನವಾಗಿ ಕುಳಿತುಕೊಳ್ಳಬೇಕು. ನಡುವೆ ಬಾಯಿ ಹಾಕಬಾರದು. ಹೊರಗೆ ಬಂದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಕೇಳಬೇಕು. ಆ ಪ್ರಶ್ನೆಯು ವಿದ್ಯಾರ್ಥಿಯನ್ನು ಕುರಿತದ್ದಾಗಿರಲಿ.