ಹೀರೊಂದು ಸಿಮ್ ಯಾವ ಕಂಪನಿದ್ರೀ?

ಕಂಪ್ಲಿ ತಾಲ್ಲೂಕಿನ ಮೆಟ್ರಿಯಿಂದ ಪದವಿ ಓದುವ ಹುಡುಗನೊಬ್ಬ ಕೇಳಿದ್ದಾನೆ: "ಸರ್, ಹೊಸಪೇಟಿಗೆ ಹೋಗಿ ಸಿನಿಮಾ ನೋಡಿದ್ವಿ. ಹೀರೊ ಗುಡ್ಡದ ಗವ್ಯಾಗ ಕುಂತು ವಿಲನ್‌ನ ಗಣಿ ಲೆಕ್ಕಾನೆಲ್ಲ ಒಂದೇ ನಿಮಿಷದಾಗ ಇಳಿಸ್ಕೊಂಡ. ನಾ ಮಾಳಿಗಿ ಹತ್ತಿ ನಿಂತ್ರೂ ಸ್ಕಾಲರ್‌ಶಿಪ್ ಅರ್ಜಿಗೆ ಒಂದು ಮಾರ್ಕ್ಸ್‌ಕಾರ್ಡ್ ಏರವಲ್ದು. ಹೀರೊಂದು ಸಿಮ್ ಯಾವ ಕಂಪನಿದ್ರೀ?"

ಸಿನಿಮಾದ ಹೆಸರು ಬರೆದಿಲ್ಲ. ಬೇಕಾಗಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸುರಿಯುವ, ಕೆಂಪು ಪಟ್ಟಿ 99ಕ್ಕೆ ಬಂದು ನಿಲ್ಲುವ, ಅಷ್ಟರಲ್ಲಿ ಬಾಗಿಲಾಚೆ ಬೂಟಿನ ಸದ್ದು ಕೇಳುವ ದೃಶ್ಯವಿಲ್ಲದ ಪೊಲೀಸ್ ಸಿನಿಮಾ ಈಗ ಅಪರೂಪ. ಹೀರೊಗೆ ಸಿಮ್ಮೇ ಇರುವುದಿಲ್ಲ ಎನ್ನುವುದು ಮೊದಲ ಉತ್ತರ. ಆ ಪರದೆಯ ಮೇಲೆ ಓಡುವುದು ಮೊದಲೇ ಮಾಡಿಟ್ಟ ಅನಿಮೇಷನ್. ನಟ ಯಾವ ಕೀ ಒತ್ತಿದರೂ, ಕಣ್ಣು ಮುಚ್ಚಿ ಹತ್ತು ಬೆರಳು ಆಡಿಸಿದರೂ, ಅದೇ ಪಟ್ಟಿ ಅದೇ ವೇಗದಲ್ಲಿ ತುಂಬುತ್ತದೆ. ಎಷ್ಟು ಹೊತ್ತಿಗೆ ತುಂಬಬೇಕು ಎನ್ನುವುದನ್ನು ಸಂಕಲನಕಾರರು ತೀರ್ಮಾನಿಸುತ್ತಾರೆ.

ಸಿನಿಮಾದವರು ಸುಳ್ಳು ಹೇಳುತ್ತಾರೆ ಎಂದು ಬೈದು ಮುಗಿಸಬಹುದಿತ್ತು. ಆದರೆ ಅವರ ತಪ್ಪು ಬರೀ ಉತ್ಪ್ರೇಕ್ಷೆಯದಲ್ಲ. ನಿಜಜೀವನದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಆಗುವ ಕೆಲಸಕ್ಕೆ ಅವರು ನಿಮಿಷಗಟ್ಟಲೆ ಬೆವರುತ್ತಾರೆ, ಗಂಟೆಗಟ್ಟಲೆ ಹಿಡಿಯುವ ಕೆಲಸವನ್ನು ಚಿಟಿಕೆಯಲ್ಲಿ ಮುಗಿಸುತ್ತಾರೆ. ಅಂದರೆ ತಪ್ಪು ಎರಡೂ ದಿಕ್ಕಿನಲ್ಲಿದೆ. ನನಗೆ ಖುಷಿ ಕೊಡುವುದು ಅದೇ.

ಸಿನಿಮಾದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಫೈಲ್ ಎಷ್ಟು ದೊಡ್ಡದು? ಗಣಿ ಲೆಕ್ಕದ ಮಾತು ಬಂತಲ್ಲ, ಸಂಡೂರು-ಹೊಸಪೇಟೆಯ ಕಡೆಯವರು ಮರೆಯದ ಕಡತವನ್ನೇ ತೆಗೆದುಕೊಳ್ಳೋಣ. ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿ ಅನುಬಂಧಗಳೂ ಸೇರಿ ಇಪ್ಪತ್ತೈದು ಸಾವಿರ ಪುಟ ದಾಟಿತ್ತು. ಪುಟಕ್ಕೆ ಎರಡು ಕೆಬಿಯಂತೆ ಬರೀ ಟೈಪ್ ಮಾಡಿದ ಅಕ್ಷರವಷ್ಟೇ ಎಂದುಕೊಂಡರೆ ಒಟ್ಟು 50 ಎಂಬಿ. ಇಂಟರ್‌ನೆಟ್ ಕಂಪನಿಗಳು ವೇಗವನ್ನು ಬಿಟ್‌ನಲ್ಲಿ ಹೇಳುತ್ತವೆ, ನಮ್ಮ ಫೋನು ಫೈಲನ್ನು ಬೈಟ್‌ನಲ್ಲಿ ಅಳೆಯುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಎಂದು ಮಾರುವ ಸಂಪರ್ಕದಲ್ಲಿ ಸೆಕೆಂಡಿಗೆ ಬರುವುದು ಹನ್ನೆರಡೂವರೆ ಎಂಬಿ ಮಾತ್ರ. ಆದರೂ ಆ ಇಡೀ ವರದಿ ನಾಲ್ಕೇ ಸೆಕೆಂಡಿನಲ್ಲಿ ಇಳಿದುಬಿಡುತ್ತದೆ! ಹೀರೊ ಹಣೆ ಒರೆಸಿಕೊಳ್ಳಲೂ ಪುರಸೊತ್ತಿಲ್ಲ. ಅದೇ ಪುಟಗಳನ್ನು ಸ್ಕ್ಯಾನ್ ಮಾಡಿ ತಲಾ 200 ಕೆಬಿ ಚಿತ್ರ ಮಾಡಿದ್ದರೆ ಏಳು ನಿಮಿಷ ಹತ್ತಿರ ಹತ್ತಿರ. ಇನ್ನು ಅದಿರಿನ ಲಾರಿ ಓಡಾಡುವ ರಸ್ತೆಯ ಒಂದೇ ಒಂದು ಸಿಸಿಟಿವಿ ಕ್ಯಾಮೆರಾ ಒಂದು ವಾರ ತೆಗೆದ ದೃಶ್ಯ ಬೇಕೆಂದರೆ, ಸಾಧಾರಣ ಗುಣಮಟ್ಟದ್ದೇ 150 ಜಿಬಿ ಆಗುತ್ತದೆ. ಅದನ್ನು ಎಳೆಯಲು ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಸಿನಿಮಾ ಪೊಲೀಸರು ಇಡೀ ಊರಿನ ಸಿಸಿಟಿವಿಯನ್ನು ಟೀ ಆರುವುದರೊಳಗೆ ತರಿಸಿಕೊಳ್ಳುತ್ತಾರೆ.

ವೈರಸ್ಸಿನ ಕಥೆ ಇನ್ನೂ ತಮಾಷೆಯದು. 1996ರ 'ಇಂಡಿಪೆಂಡೆನ್ಸ್ ಡೇ' ಚಿತ್ರದಲ್ಲಿ ಲ್ಯಾಪ್‌ಟಾಪಿನಿಂದ ಅನ್ಯಗ್ರಹದವರ ಹಡಗಿಗೆ ವೈರಸ್ ಏರಿಸುತ್ತಾರೆ. ಅಲ್ಲಿಂದ ಮುಂದೆ ವೈರಸ್ ಏರಿಸುವುದೆಂದರೆ ಪಟ್ಟಿ ತುಂಬುವುದನ್ನು ಉಸಿರು ಬಿಗಿಹಿಡಿದು ನೋಡುವುದು ಎಂದಾಗಿಬಿಟ್ಟಿದೆ. ನಿಜ ಏನು ಗೊತ್ತೆ? 2003ರ ಜನವರಿ 25ರಂದು ಜಗತ್ತಿನ ಕಂಪ್ಯೂಟರುಗಳಿಗೆ ಅಂಟಿದ ಸ್ಲ್ಯಾಮರ್ ಎಂಬ ಹುಳುವಿನ ಗಾತ್ರ 376 ಬೈಟ್. ಈ ಪ್ಯಾರಾದಲ್ಲಿರುವ ಅಕ್ಷರಗಳೇ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತವೆ. ಶುರುವಿನಲ್ಲಿ ಸುಮಾರು ಎಂಟೂವರೆ ಸೆಕೆಂಡಿಗೊಮ್ಮೆ ದುಪ್ಪಟ್ಟಾಗುತ್ತ, ತನಗೆ ಬಲಿಯಾಗಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಅದು ಹತ್ತೇ ನಿಮಿಷದಲ್ಲಿ ಹಿಡಿಯಿತು. 1996ರ ಹಳೇ ಮೋಡೆಮ್ಮಿನಲ್ಲೂ ಅಷ್ಟು ಸಣ್ಣದನ್ನು ಕಳಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕಿತ್ತು. ಪಟ್ಟಿ ತೋರಿಸುವುದಕ್ಕೂ ಸಮಯವಿಲ್ಲ.

"ಇನ್ನೂ ಹತ್ತು ಸೆಕೆಂಡ್ ಮಾತಾಡಿಸ್ತಾ ಇರಿ ಸರ್, ಟ್ರೇಸ್ ಆಗ್ತಿದೆ" ಎನ್ನುವ ಡೈಲಾಗೂ ಇದೇ ಜಾತಿಯದು. ಹಳೆಯ ಎಕ್ಸ್‌ಚೇಂಜುಗಳಲ್ಲಿ ಲೋಹದ ಸ್ವಿಚ್ಚುಗಳು ಖಟಖಟ ಎಂದು ಹೊರಳಿ ಕರೆ ಜೋಡಿಸುತ್ತಿದ್ದವು. ಕರೆಯ ಜಾಡು ಹಿಡಿಯಲು ಸಿಬ್ಬಂದಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ಓಡಬೇಕಿತ್ತು. ಡಿಜಿಟಲ್ ಎಕ್ಸ್‌ಚೇಂಜ್ ಬಂದ ಮೇಲೆ ಕರೆ ಯಾವ ಲೈನಿನಿಂದ ಹೊರಟಿತು ಎನ್ನುವುದು ಹೊರಟ ಗಳಿಗೆಯಲ್ಲೇ ದಾಖಲಾಗುತ್ತದೆ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ತಯಾರಿಸಿದ ಮೊದಲ ಡಿಜಿಟಲ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಸಿನಿಮಾ ಪೊಲೀಸರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈಗ ನನಗೆ ಅತಿ ಪ್ರಿಯವಾದ ಸಂಗತಿಗೆ ಬರುತ್ತೇನೆ. ಜಗತ್ತಿನ ಮಾಹಿತಿಯನ್ನೆಲ್ಲ ಗಾಳಿಯಲ್ಲಿ ಎಳೆದುಕೊಳ್ಳುವ ಹೀರೊ ಇದ್ದಾನಲ್ಲ, ಅವನಿರುವ ಸಿನಿಮಾ ತಾನೇ ಊರಿಗೆ ಬರುತ್ತಿದ್ದದ್ದು ಹೇಗೆ? ಪೆಟ್ಟಿಗೆಯಲ್ಲಿ, ಬಸ್ಸು ಹತ್ತಿ.

"ಪೆಟ್ಟಿಗೆ ಬಂತೇನು?" ಎಂದು ಟಾಕೀಸಿನ ಗೇಟಿನಲ್ಲಿ ವಿಚಾರಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮೂರು ಗಂಟೆಯ ಚಿತ್ರವೆಂದರೆ ಹದಿನಾರು ಹದಿನೇಳು ರೀಲು, ತಗಡಿನ ಡಬ್ಬಿಗಳಲ್ಲಿ. ಈಗ ರೀಲಿಲ್ಲ, ಡಿಸಿಪಿ ಇದೆ. ಇಡೀ ಚಿತ್ರವನ್ನು ಡಿಜಿಟಲ್ ಕಡತವಾಗಿಸಿ, ಬೀಗ ಹಾಕಿ, ಹಾರ್ಡ್‌ಡಿಸ್ಕಿಗೆ ತುಂಬಿ ಕಳಿಸುತ್ತಾರೆ. ಎರಡೂವರೆ ಗಂಟೆಯ ಚಿತ್ರ 200 ಜಿಬಿಯ ಆಸುಪಾಸು ತೂಗುತ್ತದೆ. ಯುಎಫ್ಒ ಮೂವೀಜ್‌ನಂಥ ಕಂಪನಿಗಳು ಚಿತ್ರವನ್ನು ಇನ್ನಷ್ಟು ಒತ್ತಿ ಕುಗ್ಗಿಸಿ ಉಪಗ್ರಹದ ಮೂಲಕವೂ ಕಳಿಸುತ್ತವೆ, ಅದಿರಲಿ. ಡಿಸ್ಕಿನ ಬದಲು ಇಂಟರ್‌ನೆಟ್ಟಿನಲ್ಲೇ ತರಿಸಿದ್ದರೆ? 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಈ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಾಗಿಲು ತೆರೆದಾಗ ಸಿಗುತ್ತಿದ್ದ ವೇಗ 9.6 ಕೆಬಿಪಿಎಸ್. ಆ ವೇಗದಲ್ಲಿ 200 ಜಿಬಿಯ ಸಿನಿಮಾ ಇಳಿಸಲು ಕೂತರೆ ಐದು ವರ್ಷ ಮೂರು ತಿಂಗಳು ಆಗುತ್ತಿತ್ತು. 2004ರ ಸರ್ಕಾರಿ ನೀತಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದಿತು. ಅದರಲ್ಲಿ ಎಪ್ಪತ್ತೆರಡು ದಿನ.

ಅದೇ ಹಾರ್ಡ್‌ಡಿಸ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಹೊಸಪೇಟೆಯಲ್ಲಿ ಕಂಪ್ಲಿ ಬಸ್ಸು ಹತ್ತಿ. ಮೂವತ್ತು ಕಿಲೋಮೀಟರಿನ ಆಸುಪಾಸು. ನಿಂತು ನಿಂತು ಹೋದರೂ ಒಂದು ಗಂಟೆ. 200 ಜಿಬಿ ಅಂದರೆ 1600 ಗಿಗಾಬಿಟ್. ಅದನ್ನು 3600 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 444 ಮೆಗಾಬಿಟ್. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆಯ ಫೈಬರ್ ಕೊಡಬೇಕೆಂದಿದ್ದ 100 ಎಂಬಿಪಿಎಸ್‌ಗಿಂತ ನಾಲ್ಕು ಪಟ್ಟು ಹೆಚ್ಚು! ಚೀಲದಲ್ಲಿ ಹತ್ತು ಡಿಸ್ಕ್ ಇದ್ದರೆ ನಮ್ಮೂರ ಮನೆಗಳಿಗೆ ಎಳೆಸಿಕೊಳ್ಳುವ ಯಾವ ಕೇಬಲ್ಲೂ ಕೆಂಪು ಬಸ್ಸಿನ ಹತ್ತಿರ ಸುಳಿಯಲಾರದು.

ಇದು ಚಮತ್ಕಾರದ ಲೆಕ್ಕವಲ್ಲ, ದೊಡ್ಡ ದೊಡ್ಡವರು ಪಾಲಿಸುವ ಲೆಕ್ಕ. 2019ರ ಏಪ್ರಿಲ್ 10ರಂದು ಬಿಡುಗಡೆಯಾಗಿ ಪತ್ರಿಕೆಗಳ ಮುಖಪುಟದಲ್ಲಿ ಬಂದ ಕಪ್ಪುಕುಳಿಯ ಮೊದಲ ಚಿತ್ರ ನೆನಪಿದೆಯೆ? ಎಂಟು ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಕೂಡಿಹಾಕಿದ ಐದು ಪೆಟಾಬೈಟ್‌ನಷ್ಟು, ಅಂದರೆ ಐವತ್ತು ಲಕ್ಷ ಜಿಬಿ ಮಾಹಿತಿಯನ್ನು ಇಂಟರ್‌ನೆಟ್ಟಿನಲ್ಲಿ ಕಳಿಸಲಿಲ್ಲ. ಹಾರ್ಡ್‌ಡಿಸ್ಕುಗಳನ್ನು ವಿಮಾನಕ್ಕೆ ಹಾಕಿ ಅಮೆರಿಕ, ಜರ್ಮನಿಗಳಿಗೆ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ ಕಾಯಬೇಕಾಯಿತು. ಕೈಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ 2009ರಲ್ಲಿ ವಿನ್‌ಸ್ಟನ್ ಎಂಬ ಪಾರಿವಾಳದ ಕಾಲಿಗೆ 4 ಜಿಬಿಯ ಕಾರ್ಡ್ ಕಟ್ಟಿ ಹಾರಿಬಿಟ್ಟಿದ್ದರು. ಹಕ್ಕಿ ಗೂಡು ಸೇರಿ, ಕಾರ್ಡಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿಕೊಂಡಾಗ, ಪೈಪೋಟಿಗೆಂದು ಟೆಲಿಫೋನ್ ತಂತಿಯಲ್ಲಿ ಕಳಿಸತೊಡಗಿದ್ದ ಅದೇ ಮಾಹಿತಿಯಲ್ಲಿ ದಾಟಿದ್ದು ನೂರಕ್ಕೆ ನಾಲ್ಕು ಪಾಲು.

ಹಾಗಾದರೆ ಬಸ್ಸೇ ಇಂಟರ್‌ನೆಟ್ಟಿಗಿಂತ ವೇಗವೆ? ಇಲ್ಲಿಯೇ ಸಿನಿಮಾ ಎಡವುವುದು. ಅದಕ್ಕೆ ವೇಗವೆಂದರೆ ಒಂದೇ ಅಂಕಿ. ನಿಜಕ್ಕೆ ಎರಡಿವೆ. ಒಂದು ಸೆಕೆಂಡಿಗೆ ಎಷ್ಟು ಸಾಗಿಸುತ್ತದೆ ಎನ್ನುವುದು ಬ್ಯಾಂಡ್‌ವಿಡ್ತ್. ಮೊದಲ ಅಕ್ಷರ ಬಂದು ಮುಟ್ಟಲು ಎಷ್ಟು ಹೊತ್ತು ಎನ್ನುವುದು ಲೇಟೆನ್ಸಿ. ಕಂಪ್ಲಿ ಬಸ್ಸಿನದು ಅಪಾರ ಬ್ಯಾಂಡ್‌ವಿಡ್ತ್, ಆದರೆ "ಹಲೋ" ಎಂದರೆ "ಹಾಂ" ಎಂಬ ಉತ್ತರಕ್ಕೆ ಎರಡು ಗಂಟೆ. ಈ ಎರಡನೆಯ ಅಂಕಿಗೆ ದುಡ್ಡು ಸುರಿದರೂ ದಾಟಲಾಗದ ಒಂದು ಗೆರೆಯಿದೆ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ಸುಮಾರು 13 ಸಾವಿರ ಕಿಲೋಮೀಟರ್. ನೇರ ಗೆರೆ ಎಳೆದಂತೆ ಫೈಬರ್ ಹಾಸಿದರೂ ಹೋಗಿಬರಲು ಸೆಕೆಂಡಿನ ಎಂಟನೇ ಒಂದು ಭಾಗ ಬೇಕೇಬೇಕು. ನ್ಯೂಯಾರ್ಕಿನಲ್ಲಿ ಕೂತ ಹ್ಯಾಕರ್ ಬೆಂಗಳೂರಿನ ಬೀದಿಯಲ್ಲಿ ಕಾರು ಓಡಿಸಿ ಎಮ್ಮೆ ತಪ್ಪಿಸುವ ದೃಶ್ಯ ನೋಡಿದಾಗ ಎಮ್ಮೆಯ ಬಗ್ಗೆ ನನಗೆ ಕಳವಳವಾಗುತ್ತದೆ.

ಟಾಕೀಸಿನ ಮಾತಿಗೆ ಮರಳಿದರೆ, ಅಲ್ಲಿನ ಹಳೆಯ ಜುಗಾಡೊಂದು ಬಫರಿಂಗ್ ಎಂದರೇನು ಎಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಹೇಳಿಕೊಡುತ್ತದೆ. ಎರಡು ಟಾಕೀಸಿಗೆ ಒಂದೇ ಪ್ರಿಂಟ್ ತರಿಸಿ, ಆಟದ ಸಮಯವನ್ನು ಅರ್ಧ ಗಂಟೆ ಹಿಂದೆಮುಂದೆ ಇಟ್ಟುಕೊಳ್ಳುತ್ತಿದ್ದರು. ಇಲ್ಲಿ ಓಡಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ಲಿನಲ್ಲಿ ಅಲ್ಲಿಗೆ ಮುಟ್ಟಿಸಬೇಕು. ಓಡುತ್ತಿರುವ ರೀಲು ಮುಗಿಯುವ ಮುಂಚೆ ಮುಂದಿನದು ಕೈಯಲ್ಲಿದ್ದರೆ ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ಸೈಕಲ್ ಪಂಕ್ಚರ್ ಆದರೆ ದೀಪ ಹತ್ತುತ್ತದೆ, ಶಿಳ್ಳೆ ಏಳುತ್ತದೆ. ನಿಮ್ಮ ಫೋನಿನ ವಿಡಿಯೊ ಮಾಡುವುದೂ ಇದನ್ನೇ. ಪರದೆಯ ಮೇಲೆ ತಿರುಗುವ ಚಕ್ರವೆಂದರೆ ಸೈಕಲ್ ಹುಡುಗ ಇನ್ನೂ ಬಂದಿಲ್ಲ ಎಂದರ್ಥ.

ಈಗಿನ ಟಾಕೀಸಿನಲ್ಲಿ ಇನ್ನೊಂದು ಮಜಾ ಇದೆ. ಹಾರ್ಡ್‌ಡಿಸ್ಕ್ ಬಂದರೂ ಬೀಗ ತೆಗೆಯಲು ಕೆಡಿಎಂ ಎಂಬ ಕೀಲಿ ಬೇಕು. ಇಂಥ ಪರದೆಯ ಯಂತ್ರದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ತೆರೆಯುವ ಸಣ್ಣ ಕಡತ ಅದು. ಕೆಲವೇ ಕೆಬಿ, ಸಾಮಾನ್ಯವಾಗಿ ಇಮೇಲಿನಲ್ಲಿ ಬರುತ್ತದೆ. ಹೊಸಪೇಟೆಯಲ್ಲಿ ಸ್ಟಾರ್ ಸಿನಿಮಾ ಬಿಡುಗಡೆಯ ಬೆಳಗ್ಗೆ ಹೊರಗೆ ತಮಟೆ, ಪಟಾಕಿ, ಕಟೌಟಿಗೆ ಹಾಲು, ಒಳಗೆ 200 ಜಿಬಿ ಸಿದ್ಧ, ಆದರೂ ಕೆಡಿಎಂ ಬರದಿದ್ದರೆ ಪರದೆ ಖಾಲಿ. ಲೆಕ್ಕ ಚುಕ್ತಾ ಆಗದೆ ಕೀಲಿ ತಡವಾಗಿ ಆಟವೇ ತಪ್ಪಿದ ಉದಾಹರಣೆಗಳು ಚಿತ್ರೋದ್ಯಮದಲ್ಲಿ ಬೇಕಾದಷ್ಟಿವೆ. ಸಾವಿರ ಜನ ಕೆಲವೇ ಕೆಬಿಗೆ ಕಾಯುವ ಆ ದೃಶ್ಯವನ್ನು ನಾನಂತೂ ಯಾವ ಸಿನಿಮಾದಲ್ಲೂ ನೋಡಿಲ್ಲ.

ಇನ್ನು ಮೆಟ್ರಿಯ ಮಾಳಿಗೆ. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ವೇಗವೆಂದು ತಿಳಿಯುವುದೇ ದೊಡ್ಡ ಮೂಢನಂಬಿಕೆ. ಟವರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎನ್ನುವುದನ್ನಷ್ಟೇ ಕಡ್ಡಿ ಹೇಳುತ್ತದೆ. ಹಂಪಿ ಉತ್ಸವದ ಸಂಜೆ ಮುಖ್ಯ ವೇದಿಕೆಯ ಮುಂದೆ ನಿಂತು ನೋಡಿ, ಕಡ್ಡಿ ಪೂರ್ತಿ, ಆದರೆ ಒಂದು ಫೋಟೊ ಹೋಗುವುದಿಲ್ಲ. ಒಂದೇ ಟವರನ್ನು ಸಾವಿರಾರು ಫೋನುಗಳು ಹಂಚಿಕೊಂಡಿರುತ್ತವೆ. ಮರುದಿನ ಅಲ್ಲೇ ದೊಡ್ಡ ಬಂಡೆಯ ಹಿಂದೆ ಹೋದರೆ ಜನ ಇಲ್ಲ, ಕಡ್ಡಿಯೂ ಇಲ್ಲ. ಗ್ರಾನೈಟು ರೇಡಿಯೊ ಅಲೆಗಳನ್ನು ನುಂಗುತ್ತದೆ. ಗವಿಯಲ್ಲಿ ಕೂತ ಹೀರೊಗೆ ಎಸ್ಸೆಮ್ಮೆಸ್ಸೂ ಬರಲಾರದು. ಫೋನಿನ ಬೆನ್ನಿಗೆ ಅಂಟಿಸುವ ಸಿಗ್ನಲ್ ಬೂಸ್ಟರ್ ಸ್ಟಿಕರ್ ಸಂತೆಯಲ್ಲಿ ಇನ್ನೂ ಸಿಕ್ಕರೆ ಆ ದುಡ್ಡಿಗೆ ಮಿರ್ಚಿ ತಿನ್ನಿ. ಬ್ಯಾಟರಿಯಿಲ್ಲದ, ತಂತಿಯಿಲ್ಲದ ಚಿನ್ನದ ಬಣ್ಣದ ಕಾಗದ ಯಾವ ಅಲೆಯನ್ನೂ ಬಲಪಡಿಸದು. ಏರೋಪ್ಲೇನ್ ಮೋಡ್ ಹಾಕಿ ತೆಗೆಯುವ ಅಭ್ಯಾಸಕ್ಕೆ ಮಾತ್ರ ಅರ್ಥವಿದೆ. ಫೋನು ಟವರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ.

ಮಾಳಿಗೆ ಹತ್ತಿದ್ದು ಸರಿಯೇ. ಆದರೆ ಹೀರೊ ಇಳಿಸುತ್ತಿದ್ದ, ನೀನು ಏರಿಸುತ್ತಿದ್ದೆ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಮಾತಾಡುತ್ತದೆ. ಫೋನಿನ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ವ್ಯಾಟ್‌ನ ಐದನೇ ಒಂದು ಭಾಗ. ಟವರಿನ ಮಾತು ನಿನಗೆ ಕೇಳಿಸುತ್ತದೆ, ನಿನ್ನ ಮಾತು ಅದಕ್ಕೆ ಕೇಳಿಸದು. ಸಾಲದ್ದಕ್ಕೆ ಜನ ಹೆಚ್ಚಾಗಿ ವಿಡಿಯೊ ನೋಡುವವರೇ ಎಂದು ಕಂಪನಿಗಳು ಹೆಚ್ಚು ಜಾಗವನ್ನು ಇಳಿಸುವ ದಿಕ್ಕಿಗೇ ಮೀಸಲಿಡುತ್ತವೆ. ಅಂಚಿನ ಊರಿನಲ್ಲಿ ಏರುವ ವೇಗ 0.1 ಎಂಬಿಪಿಎಸ್‌ಗೆ ಕುಸಿದರೆ, ಕ್ಯಾಮೆರಾದಲ್ಲಿ ತೆಗೆದ 4 ಎಂಬಿಯ ಮಾರ್ಕ್ಸ್‌ಕಾರ್ಡ್ ಫೋಟೊ ಹೋಗಲು ಐದು ನಿಮಿಷ ಮೀರುತ್ತದೆ. ಅಷ್ಟರಲ್ಲಿ ಅರ್ಜಿಯ ಪುಟ ಕೈಬಿಟ್ಟಿರುತ್ತದೆ. ಅದೇ ಫೋಟೊವನ್ನು 200 ಕೆಬಿಗೆ ಕುಗ್ಗಿಸು, ಹದಿನಾರು ಸೆಕೆಂಡ್. ಬೆಳಗಿನ ಜಾವ, ಊರು ಫೋನು ಹಿಡಿಯುವ ಮುಂಚೆ ಕಳಿಸು. ಕೊನೆಯ ದಿನಾಂಕಕ್ಕೆ ಮಾತ್ರ ಕಾಯಬೇಡ ಮಾರಾಯ, ಅವತ್ತು ಟವರು ಬಿಡುವಾಗಿದ್ದರೂ ಅರ್ಜಿ ತೆಗೆದುಕೊಳ್ಳುವ ಸರ್ವರಿಗೆ ಬಿಡುವಿರುವುದಿಲ್ಲ.