ಹೊಸ ಹೊರೆ, ಹಳೆಯ ನಡಿಗೆ
ಹೊಸತೆಂದರೆ ಚುರುಕಾಗಿರಬೇಕೆಂಬುದು ಲೋಕರೂಢಿ. ಗಣಕಯಂತ್ರವನ್ನು ನಡೆಸಲೆಂದು 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ ‘ವಿಂಡೋಸ್ ವಿಸ್ಟಾ’ ಗಾಜಿನಂತೆ ಮಿರುಗುತ್ತಿತ್ತು. ನಡಿಗೆ ಮಾತ್ರ ಬಸವನಹುಳುವಿನದು. 2001ರ ಎಕ್ಸ್‌ಪಿ 64 ಮೆಗಾಬೈಟ್ ಸ್ಮರಣಶಕ್ತಿಯಲ್ಲಿಯೇ ಹೇಗೋ ಸಂಸಾರ ತೂಗಿಸುತ್ತಿತ್ತು. ವಿಸ್ಟಾ ಕನಿಷ್ಠ 512 ಬೇಡಿತು.

‘ವಿಸ್ಟಾಗೆ ಸಮರ್ಥ’ವೆಂಬ ಅಂಟುಚೀಟಿ ಹೊತ್ತ ಹಲವು ಯಂತ್ರಗಳಿಗೆ ಆ ಮಿರುಗನ್ನು ಹೊರುವ ತ್ರಾಣವಿರಲಿಲ್ಲ. ಕೊಂಡವರು ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದರು. 2008ರಲ್ಲಿ ಅಲ್ಲಿ ಬಯಲಾದ ಪತ್ರಗಳಲ್ಲಿ ಸಂಸ್ಥೆಯ ಉಪಾಧ್ಯಕ್ಷ ಮೈಕ್ ನ್ಯಾಶ್ ಅವರದೂ ಒಂದು! ಚೀಟಿಯನ್ನು ನಂಬಿ 2,100 ಡಾಲರ್ ತೆತ್ತು ತಂದ ಯಂತ್ರ ಮಿಂಚಂಚೆಗಷ್ಟೇ ಒದಗಿತೆಂಬುದು ಅವರ ಗೋಳು. ಅಡುಗೆಯವರಿಗೇ ಅಜೀರ್ಣವಾದರೆ ಪಂಕ್ತಿಯಲ್ಲಿ ಕುಳಿತವರ ಪಾಡೇನು, ವಾಚಕರೇ?

2009ರ ಅಕ್ಟೋಬರಿನಲ್ಲಿ ‘ವಿಂಡೋಸ್ 7’ ಬರುವವರೆಗೆ ಅನೇಕರು ಹಳೆಯ ಎಕ್ಸ್‌ಪಿಯನ್ನೇ ಮರಳಿ ಹಾಕಿಸಿಕೊಂಡು ಕಾಲ ನೂಕಿದರು.